ಗುಲಾಬಿ ಬುಡಕ್ಕೆ ಒಂದು ಹಿಡಿ ಬೂದಿ

ಸಾಯುವ ಮೊದಲು ಅಂಬುಜಮ್ಮ ಕೇಳಿದ್ದು ಒಂದೇ. "ಎಲ್ಲಾನೂ ಹೊಳೆಗೆ ಬಿಡ್ಬೇಡಿ. ಒಂದು ಹಿಡಿ ಬೂದಿ ಗುಲಾಬಿ ತೋಟಕ್ಕೆ ಹಾಕ್ಸಿ."

ನಿವೃತ್ತ ಹೆಡ್‌ಕ್ಲರ್ಕ್ ಚೆಲುವರಾಜು ನಲವತ್ತು ವರ್ಷದಲ್ಲಿ ಹೆಂಡತಿಯ ಮಾತು ಕೇಳಿದ್ದೇ ಕಡಿಮೆ. ಇದೊಂದನ್ನಾದರೂ ನಡೆಸಿಕೊಡೋಣವೆಂದು, ತಿಥಿ ಮುಗಿದ ಮರುಬೆಳಿಗ್ಗೆ ಒಂದು ಹಿಡಿ ಬೂದಿಯನ್ನು ಕಾಫಿಪುಡಿ ಡಬ್ಬಿಗೆ ಹಾಕಿಕೊಂಡು ಮೈಸೂರಿನ ರಾಮಕೃಷ್ಣನಗರದ ಗುಲಾಬಿ ತೋಟಕ್ಕೆ ಬಂದರು. ಕೆಂಪು ಗುಲಾಬಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಚಮಚದಿಂದ ಮಣ್ಣು ಕೆದಕತೊಡಗಿದರು.

"ಏನ್ರೀ ಅದು ಡಬ್ಬೀಲಿ?"

ವಾಕಿಂಗ್ ಸಂಘದ ಕಾರ್ಯದರ್ಶಿ ವಿಶ್ವನಾಥ್. ತೋಟವನ್ನು ಮಾವ ಬಳುವಳಿ ಕೊಟ್ಟಂತೆ ಕಾಯುವವರು.

"ಗೊಬ್ಬರ" ಎಂದುಬಿಟ್ಟರು ಚೆಲುವರಾಜು.

"ಎಂಥ ಗೊಬ್ಬರ?" ವಿಶ್ವನಾಥ್ ಬೆರಳದ್ದಿ ಮೂಸಿದರು. ನಾಲಿಗೆಗೆ ಮುಟ್ಟಿಸಲು ಹೊರಟಾಗ ಚೆಲುವರಾಜು ಅವರ ಕೈ ಹಿಡಿದುಕೊಂಡರು. "ಬೇಡಿ ಸಾರ್!"

"ನೋಡಿದ್ರಾ, ವಿಷ! ಹೋದ್ವಾರ ಹತ್ತು ಗಿಡ ಒಣಗಿದ್ದು ಇದಕ್ಕೇ!"

ಆಚೆ ಕೈಯೆತ್ತಿ ಗಹಗಹಿಸುತ್ತಿದ್ದ ನಗೆಕೂಟದವರು ನಗುವನ್ನು ಅರ್ಧಕ್ಕೇ ಬಿಟ್ಟು ಓಡಿಬಂದರು. "ಮಾಟ ಕಣ್ರೀ, ಬೂದಿ ನೋಡಿ" ಎಂದರೊಬ್ಬರು. ಇನ್ನೊಬ್ಬರು ಮೊಬೈಲ್ ಎತ್ತಿ ವಿಡಿಯೊ ಶುರುಮಾಡಿದರು. ಎಳೆದಾಟದಲ್ಲಿ ಡಬ್ಬಿ ವಾಲಿ, ಅಂಬುಜಮ್ಮನ ಅರ್ಧ ಭಾಗ ವಿಶ್ವನಾಥರ ಬಿಳೀ ಬೂಟಿನ ಮೇಲೆ ಸುರಿಯಿತು.

"ಅದು ನನ್ನ ಹೆಂಡ್ತಿ ಕಣ್ರೀ!"

ಮೊಬೈಲ್ ಕೆಳಗಿಳಿಯಿತು. ವಿಶ್ವನಾಥ್ ಬೂಟನ್ನು ನೋಡಿದರು, ಬೆರಳನ್ನು ನೋಡಿದರು. ಕೈ ಮುಗಿದು, ಒಂದು ಕಾಲನ್ನು ನೆಲಕ್ಕೆ ತಾಗಿಸದೆ ಕುಂಟುತ್ತಾ ನಲ್ಲಿಯ ಕಡೆ ಹೋದರು. ಉಳಿದವರೂ ಸದ್ದಿಲ್ಲದೆ ಕರಗಿದರು.

ಉಳಿದ ಬೂದಿಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುವಾಗ ಚೆಲುವರಾಜುಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ತೋಟದ ಇನ್ನೊಂದು ತುದಿಯಿಂದ ನೀರಿನ ಪೈಪು ಎಳೆದುಕೊಂಡು ಮಾಲಿ ಚಿಕ್ಕಮಾದಮ್ಮ ಬಂದಳು.

"ಯಾಕ್ ಸಾಮಿ, ಅಳ್ತಾ ಕುಂತಿದ್ದೀರಿ?"

ಇನ್ನೊಮ್ಮೆ 'ಹೆಂಡ್ತಿ' ಎಂದು ರಂಪ ಮಾಡಿಕೊಳ್ಳಲು ಚೆಲುವರಾಜುಗೆ ಮನಸ್ಸಾಗಲಿಲ್ಲ. "ಅಂಬುಜಮ್ಮ ಅಂತ... ಇಲ್ಲಿಗೆ ಬರ್ತಿದ್ರು. ತೀರ್ಕೊಂಡ್ರು. ಅವರ ಬೂದಿ."

"ಅಯ್ಯೋ, ಅಂಬುಜಮ್ಮೋರಾ! ದಿನಾ ಸಂಜೆ ಈ ಬೆಂಚಲ್ಲೇ ಕೂರೋರು." ಅವಳು ಪೈಪು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರ ಯಜಮಾನ್ರು ಬರ್ಲಿಲ್ವಾ? ಬರ್ದೇ ಇದ್ದದ್ದೇ ಒಳ್ಳೇದಾಯ್ತು ಬುಡಿ. ಅವ್ರೇ ಏಳೋರು, 'ಮೈಸೂರಲ್ಲಿ ನಮ್ಮನೆಯೋರ ದನಿ ಕೇಳ್ದಿರೋ ಜಾಗ ಇದೊಂದೇ ಕಣೆ, ಸತ್ ಮ್ಯಾಲೂ ಇಲ್ಲೇ ಇದ್ಬುಡ್ತೀನಿ' ಅಂತ. ನೀವು ಅವ್ರ ಅಣ್ಣನಾ?"

ಚೆಲುವರಾಜು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದರು. ಒಮ್ಮೆ ಮಣ್ಣಿನ ಕಡೆ ನೋಡಿ, ಆದಷ್ಟು ದನಿ ತಗ್ಗಿಸಿ, "ಹೂಂ, ಅಣ್ಣ" ಎಂದರು.