ನಲವತ್ತು ತೊಲೆ ಡಾಬಿನ ಹಾಲು

"ಹಾಲು ಕಾಸಬ್ಯಾಡ!" ಎಂದು ಗವಿಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಲ್ಲಿಂದಲೇ ಅಪ್ಪಣೆ ಹೊರಡಿಸಿದ. ಕೈಯಲ್ಲಿದ್ದ ಲಾಳಿ ರಾಜದಂಡದಂತೆ ಮೇಲೆದ್ದಿತ್ತು.

ಒಲೆಯ ಮುಂದೆ ಸಗಣಿಯ ಕುಳ್ಳು ಮುರಿಯುತ್ತಿದ್ದ ಹೆಂಡತಿ ಕಳಕವ್ವ ತಿರುಗಿ ನೋಡಿದಳು. ಚೈತ್ರದ ಸಂಜೆ. ಗಜೇಂದ್ರಗಡದ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ಊರ ಮೇಲೆ ಉಗುಳುತ್ತಿತ್ತು. ದೊಡ್ಡ ಎಮ್ಮೆಯ ಹಾಲು ಗಡಿಗೆಯಲ್ಲಿ ಅವಳ ಮುಂದಿತ್ತು. ಮರುದಿನ ರೋಣದಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಮನೆ ನೋಡಿ, ಹುಡುಗಿಗೆ ಹಾಕುವ ಬೆಳ್ಳಿ ನೋಡಿ, ಮನಸ್ಸಿಗೆ ಬಂದರೆ ಸಕ್ಕರೆ ಹಂಚುವುದೆಂದು ಮಾತಾಗಿತ್ತು. ಮಗನಿಗೆ ಇದಕ್ಕೆ ಮೊದಲು ಕೂಡಿಬಂದ ಎರಡು ಸಂಬಂಧ ಮುರಿದಿದ್ದವು. ಎರಡೂ ಮುರಿದದ್ದು ಗವಿಸಿದ್ದಪ್ಪನ ನಾಲಗೆಯಿಂದ ಎಂದು ಕಳಕವ್ವನ ವಾದ. ಆ ಬೀಗರ ಕಿವಿಯಿಂದ ಎಂದು ಅವನ ವಾದ.

"ಕಾಸದಿದ್ರ ಮುಂಜಾನಿಗೆ ಒಡೀತೈತ್ರಿ."

"ಬೆಳ್ಳಿ ಹಾಕಿದ ಹಾಲು ಒಡಿಯಂಗಿಲ್ಲ. ನಮ್ಮ ಅಜ್ಜಿ ಗಡಿಗ್ಯಾಗ ಒಂದು ರೂಪಾಯಿ ಹಾಕಿಡತಿದ್ಲು. ನಾ ಕಣ್ಣಾರೆ ನೋಡೀನಿ."

"ಅಜ್ಜಿ ಹಾಕತಿದ್ರು, ಖರೇ. ಆದ್ರ ಮೊದಲ..."

"ಮೊದಲಿಲ್ಲ, ಕಡೀಗಿಲ್ಲ! ನಾಳಿ ಬೀಗರ ಮುಂದ ಹಸೀ ಹಾಲು ಇಟ್ಟು ತೋರಸ್ತೀನಿ. ಈ ಮನಿ ಬೆಳ್ಳಿ ಎಂಥಾದ್ದು ಅಂತ ರೋಣದ ತನಕ ಗೊತ್ತಾಗಲಿ!"

ಕಳಕವ್ವ ಬಾಯಿ ಮುಚ್ಚಿದಳು. ಅಷ್ಟು ಲಗುಬಗೆಯಿಂದ ಅವಳು ಬಾಯಿ ಮುಚ್ಚಿದ್ದು ಅವನಿಗೆ ಅನುಮಾನ ತರಬೇಕಿತ್ತು. ತರಲಿಲ್ಲ.

ಒಂದು ತೊಲೆ ತೂಗುವ ಒಂದು ಬೆಳ್ಳಿ ರೂಪಾಯಿ ಅವನ ಘನತೆಗೆ ಸಾಲಲಿಲ್ಲ. ಒಂದು ತೊಲೆ ಬೆಳ್ಳಿ ಹಾಲನ್ನು ಒಂದು ರಾತ್ರಿ ಕಾಯುವುದಾದರೆ ನಲವತ್ತು ತೊಲೆ ನಲವತ್ತು ರಾತ್ರಿ ಕಾಯಬೇಕು! ಲೆಕ್ಕ ಮಗ್ಗದ ಹಾಸುನೂಲಿನಷ್ಟು ನೇರವಾಗಿತ್ತು. ಪೆಟ್ಟಿಗೆ ತೆಗೆದ. ಸೊಸೆಗೆಂದು ಇಟ್ಟಿದ್ದ ತನ್ನ ತಾಯಿಯ ಡಾಬನ್ನು, ನಡುವಿಗೆ ಕಟ್ಟುವ ಆ ನಲವತ್ತು ತೊಲೆಯ, ನಲವತ್ತು ಕೊಂಡಿಯ ಬೆಳ್ಳಿಯ ಪಟ್ಟಿಯನ್ನು, ತೊಳೆದು ಗಡಿಗೆಗೆ ಇಳಿಸಿದ. ಹಾಲು ಕಂಠದ ತನಕ ಏರಿ ಬಂತು.

ನರಗುಂದದ ಕೋಟೆಯ ಮೇಲೆ ಇನ್ನೂ ಅಲ್ಲಿಯ ಅರಸರ ನಿಶಾನೆ ಹಾರುತ್ತಿದ್ದ ಕಾಲ ಅದು. ಆ ರಾತ್ರಿ ಅರಸರು ಕೂಡ ಗವಿಸಿದ್ದಪ್ಪನಷ್ಟು ನಿಶ್ಚಿಂತೆಯಿಂದ ಮಲಗಿರಲಿಕ್ಕಿಲ್ಲ.

ಮರುದಿನ ಹೊತ್ತು ನೆತ್ತಿಗೇರುವ ಮೊದಲೇ ಬಂಡಿ ಬಂತು. ಹುಡುಗಿಯ ತಂದೆ ಮುತ್ತಪ್ಪ ತಾನೂ ನೇಕಾರ, ಮಾತು ಕಡಿಮೆ. ಆ ಕೊರತೆ ತುಂಬಲು ಅವನ ಅಕ್ಕ ಹನುಮವ್ವ ಜೊತೆಗಿದ್ದಳು.

ಕೈಕಾಲಿಗೆ ನೀರು ಕೊಟ್ಟದ್ದಾಯಿತು. ಗವಿಸಿದ್ದಪ್ಪ ಪಡಸಾಲೆಯ ನಟ್ಟನಡುವೆ ಗಡಿಗೆ ಇಡಿಸಿ ಎದ್ದು ನಿಂತ.

"ಬೀಗರ, ಇದು ನಿನ್ನಿ ಸಂಜಿ ಹಿಂಡಿದ ಹಾಲು. ಬೆಂಕಿ ಕಂಡಿಲ್ಲ. ಒಳಗ ನಿಮ್ಮ ಮಗಳ ಡಾಬು ಐತಿ. ಖರೇ ಬೆಳ್ಳಿ ಇದ್ದಲ್ಲಿ ಹಾಲು ಕೆಡಂಗಿಲ್ಲ. ಕೆಟ್ರ ಅದು ಬೆಳ್ಳೀನ ಅಲ್ಲ!"

ಈ ಕೊನೆಯ ಮಾತು ಹೇಳುವ ಅಗತ್ಯ ಇರಲಿಲ್ಲ.

ಮುಚ್ಚಳ ತೆಗೆದ. ಮೊದಲು ಬಂದದ್ದು ವಾಸನೆ. ಆಮೇಲೆ ಕಂಡದ್ದು ನೀರು ಬೇರೆ, ಗಡ್ಡೆ ಬೇರೆಯಾಗಿ ಮುನಿಸಿಕೊಂಡು ಕೂತ ಹಾಲು. ಕೈ ಹಾಕಿ ಡಾಬು ಎತ್ತಿದ. ಒಂದೊಂದು ಕೊಂಡಿಗೂ ಒಡೆದ ಹಾಲಿನ ಗೊಂಚಲು!

"ಅಣ್ಣಾರ, ಹಾಲು ಕೆಟ್ಟೈತಿ," ಎಂದಳು ಹನುಮವ್ವ.

"ಒಂದೀಟು... ಹೌದ್ರಿ."

"ಹಂಗಾರ ನೀವ ಹೇಳಿದಂಗ ಇದು ಬೆಳ್ಳಿ ಅಲ್ಲ. ತಾಮ್ರಕ್ಕ ಬೆಳ್ಳಿ ನೀರು ಕುಡಿಸಿದ್ದೇನ್ರಿ?"

"ಛೇ ಛೇ! ಬಿಸಲು ಭಾಳ ನೋಡ್ರಿ... ಎಮ್ಮಿ ಏನರ ತಿಂದಿರಬೇಕು..."

"ಎಮ್ಮಿ ಸುದ್ದಿಗೆ ಹೋಗಬ್ಯಾಡ್ರಿ," ಎಂದಿತು ಅಡುಗೆಮನೆಯಿಂದ ಕಳಕವ್ವನ ದನಿ.

"ಗಡಿಗಿ ಹೊಲಸಿತ್ತು ಕಾಣತೈತಿ."

"ಗಡಿಗಿ ತಿಕ್ಕಿದಾಕಿ ನಾನ ರಿ!"

ಮುತ್ತಪ್ಪ ಎದ್ದು ರುಮಾಲು ತಲೆಗೇರಿಸಿದ. ಹಾಲು ಕುಡಿಯುವ ಮೊದಲೇ ರುಮಾಲು ಸುತ್ತಿಕೊಂಡ ಬೀಗ ಮತ್ತೆ ಕೂರುವುದಿಲ್ಲ. ಇದನ್ನು ಗವಿಸಿದ್ದಪ್ಪ ಹಿಂದೆ ಎರಡು ಸಲ ನೋಡಿದ್ದ.

ಎಮ್ಮೆ, ಗಡಿಗೆ, ಬಿಸಿಲು ಎಲ್ಲವೂ ಕೈಬಿಟ್ಟಿದ್ದವು. ಈಗ ಆ ಪಡಸಾಲೆಯಲ್ಲಿ ಸುಳ್ಳಾಗಬಹುದಾದದ್ದು ಎರಡೇ: ತಾಯಿಯ ಡಾಬು, ಇಲ್ಲವೇ ತನ್ನ ಬಾಯಿ. ಬಾಗಿಲ ಸಂದಿನಲ್ಲಿ ನಿಂತ ಮಗನ ಮುಖ ಡಾಬಿಗಿಂತ ಬಿಳಿಚಿತ್ತು.

"ಡಾಬು ಖರೇ ಐತ್ರಿ," ಎಂದ ಕೊನೆಗೆ. "ಸುಳ್ಳು ಇದ್ದದ್ದು ನನ್ನ ಮಾತು. ತಪ್ಪಾತು."

"ಏನಂದ್ರಿ? ನನಗ ಈ ಕಿವಿ ಮಂದ," ಎಂದಳು ಹನುಮವ್ವ. ಇಷ್ಟು ಹೊತ್ತು ಎರಡೂ ಕಿವಿ ಸರಿಯಾಗಿಯೇ ಇದ್ದವು.

"ತಪ್ಪಾತು ಅಂದೆ! ತಿಳೀಲಾರದ್ದಕ್ಕ ಬಡಾಯಿ ಕೊಚ್ಚಿದೆ! ಬೇಕಾದ್ರ ಪತ್ತಾರನ್ನ ಕರಸ್ರಿ, ಒರಿಗಲ್ಲಿಗೆ ಹಚ್ಚಿ ಬೆಳ್ಳಿ ನೋಡ್ಲಿ!"

ಮುತ್ತಪ್ಪ ಅಂದಿನ ದಿನದ ಮೊದಲ ಮಾತನಾಡಿದ. "ಪತ್ತಾರ ಬ್ಯಾಡ್ರಿ. ತಪ್ಪಾತು ಅನ್ನೋ ಮಾವ ಸಿಗತಾನಂದ್ರ, ಡಾಬು ತಾಮ್ರದ್ದಾದ್ರೂ ನಡೀತೈತಿ." ರುಮಾಲು ಕೆಳಗಿಳಿಯಿತು.

ಆಗ ಕಳಕವ್ವ ಇನ್ನೊಂದು ಗಡಿಗೆ ಹಿಡಿದು ಹೊರಗೆ ಬಂದಳು. ಬಟ್ಟಲುಗಳಿಗೆ ಹಾಲು ಬಗ್ಗಿಸಿದಳು. ಕೆನೆಗಟ್ಟಿದ, ಒಂದಿಷ್ಟೂ ಒಡೆಯದ ಹಾಲು. ಕೊನೆಯ ಬಟ್ಟಲಿಗೆ ಬಗ್ಗಿಸುವಾಗ ಟಣ್ ಎಂದು ಒಂದು ರೂಪಾಯಿ ಬಿತ್ತು.

"ಇದೇನವ್ವಾ?" ಎಂದಳು ಹನುಮವ್ವ.

"ಇವರ ಅಜ್ಜಿ ಪದ್ಧತಿ ರಿ. ಹಾಲು ಮೊದಲ ಕಾಸಬೇಕು, ಆರಸಬೇಕು, ಆಮ್ಯಾಲ ರೂಪಾಯಿ ಹಾಕಬೇಕು. ಇವರು ಸಣ್ಣವರಿದ್ದಾಗ ಒಲಿ ಕಡೆ ನೋಡಿಲ್ಲ, ರೂಪಾಯಿ ಅಷ್ಟ ನೋಡ್ಯಾರ. ನಿನ್ನಿ ಸಣ್ಣೆಮ್ಮಿ ಹಾಲು ನಾ ಹಿಂಗ ಮಾಡಿ ಇಟ್ಟಿದ್ದೆ."

ಗವಿಸಿದ್ದಪ್ಪ ಹೆಂಡತಿಯ ಹಿಂದೆಯೇ ಅಡುಗೆಮನೆಗೆ ನುಗ್ಗಿದ. "ಈ ಗಡಿಗಿ ಮೊದಲ ತಂದಿದ್ರ ನಿನ್ನ ಗಂಟೇನು ಹೋಗತಿತ್ತು?"

"ತಪ್ಪಾತು ಅನ್ನೋ ಮಾತು ನಿಮ್ಮ ಬಾಯಾಗ ಕೇಳಬೇಕಂತ ಇಪ್ಪತ್ತೆರಡು ವರ್ಷ ಕಾದೀನ್ರಿ," ಎಂದಳು ಕಳಕವ್ವ. "ಇನ್ನೊಂದು ಗಳಿಗಿ ಕಾಯೋದೇನು ದೊಡ್ಡದು?"

ಸಕ್ಕರೆ ಹಂಚಿದರು. ಮದುವೆ ವೈಶಾಖಕ್ಕೆ ಗೊತ್ತಾಯಿತು. ಕೊಂಡಿಗಳ ಸಂದಿನಲ್ಲಿ ಒಡೆದ ಹಾಲು ಕೂತಿದ್ದರಿಂದ ಗವಿಸಿದ್ದಪ್ಪ ಹುಣಸೆಹಣ್ಣಿನ ಉಂಡೆ ಹಿಡಿದು ಹಿತ್ತಲಿಗೆ ಹೋದ. ಬೀಗರ ಬಂಡಿ ರೋಣದ ದಾರಿ ಹಿಡಿದಾಗ ಅವನು ಹದಿನೇಳನೆಯ ಕೊಂಡಿ ತಿಕ್ಕುತ್ತಿದ್ದ. ಇನ್ನೂ ಇಪ್ಪತ್ತಮೂರು ಉಳಿದಿದ್ದವು.