ಒಳಗಿಲ್ಲದ ದಿಂಬು

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ದಿಂಬು ಹೊಲಿಯುವುದು ಏನೇನೂ ಕಷ್ಟವಲ್ಲ. ನಾಲ್ಕು ಮೂಲೆ, ಒಂದಿಷ್ಟು ಹತ್ತಿ, ಮುಗಿಯಿತು! ಮಧುಗಿರಿಯ ಪ್ರೈಮರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಕಾಗದದ ಹೂವು, ಮಣ್ಣಿನ ಹಣ್ಣು, ತೆಂಗಿನ ಗರಿಯ ಹಾವು ಮಾಡಲು ಕಲಿಸುತ್ತಿರುವ ನನಗೆ ಒಂದು ದಿಂಬು ಯಾವ ಲೆಕ್ಕ? ಹಾಗಂತ ಅಂದುಕೊಂಡಿದ್ದೆ. ಗೊತ್ತಿಲ್ಲದವರ ಮುಂದೆ ಈಗಲೂ ಹಾಗೆಯೇ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ನಮ್ಮತ್ತೆ. ಬೊಂತೆ, ಅಂದರೆ ಕೌದಿ, ಹೊಲಿಯುವುದರಲ್ಲಿ ಅವರ ಊರು ಹುಲಿಕುಂಟೆಯಲ್ಲೆಲ್ಲ ಅವರನ್ನು ಮೀರಿಸುವವರಿಲ್ಲ. ಹಳೆಯ ಸೀರೆ, ಪಂಚೆ, ರವಿಕೆಗಳ ಚೂರುಗಳನ್ನು ಜೋಡಿಸಿ, ಕೆಳಗೆ ಹಳೇ ಬಟ್ಟೆಯ ಮಡಿಕೆಗಳನ್ನಿಟ್ಟು, ಅಂಚಿನಿಂದ ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಗೆ ಹಾಕಿಕೊಂಡು ಹೋಗುತ್ತಾರೆ. ಟೇಪಿಲ್ಲ, ಸ್ಕೇಲಿಲ್ಲ. ಕೇಳಿದರೆ "ಅಂದಾಜು ಕಣಮ್ಮ" ಅನ್ನುತ್ತಾರೆ. ಆ ಅಂದಾಜಿನಲ್ಲಿ ಒಂದು ನೂಲಿನಷ್ಟೂ ವ್ಯತ್ಯಾಸ ಬರುವುದಿಲ್ಲ!

ಇಂಥ ಅತ್ತೆ ನಾನು ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನನ್ನು ಹೊಗಳಿಲ್ಲ. ನನ್ನ ಸಾರು ಉಂಡರೆ "ಉಣ್ಣಬೌದು". ನನ್ನ ರಂಗೋಲಿ ನೋಡಿದರೆ "ಗೊತ್ತಾಯ್ತದೆ ಬುಡು, ಹೂವ ಅಂತ". ಬೈದಿದ್ದರೆ ತಿರುಗಿ ಜಗಳವನ್ನಾದರೂ ಆಡಬಹುದಿತ್ತು. ಅದಕ್ಕೂ ಅವಕಾಶ ಕೊಟ್ಟವರಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಟ್ರಂಕಿನಿಂದ ಎರಡು ಗೇಣು ಅಗಲದ ಒಂದು ಚೌಕ ತೆಗೆದುಕೊಟ್ಟರು. ಬಣ್ಣಬಣ್ಣದ ತ್ರಿಕೋನಗಳು, ನಡುವೆ ಅಂಗೈಯಷ್ಟು ಕೆಂಪು ಬಟ್ಟೆ.

"ಕಣ್ಣಿಗೆ ಪೊರೆ ಬಂದ್ಬುಡ್ತು. ಇದೊಂದು ಜೋಡಿಸಿ ಮಡಗಿದ್ದೆ. ನಡುವಿನ ಕೆಂಪು ನಿಮ್ಮಾವನ ರುಮಾಲಿಂದು. ಒಂದು ದಿಂಬು ಮಾಡಾನ ಅಂತಿದ್ದೆ, ಆಗ್ಲಿಲ್ಲ. ನಿಮ್ಮ ಪಕ್ಕದ ಮನೆ ಶಬಾನನ ಕೈಲಿ ಕೊಟ್ಟು ಹೊಲಿಸ್ಬುಡು," ಎಂದರು. ಮಾವ ತೀರಿಕೊಂಡು ಆರು ವರ್ಷವಾಗಿದೆ. ಶಬಾನ ಶಿರಾದಿಂದ ಬಂದು ನಮ್ಮ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವವಳು.

"ಶಬಾನ ಯಾಕೆ ಅತ್ತೆ? ನಾನೇ ಹೊಲಿತೀನಿ."

ಅತ್ತೆ ನಕ್ಕರು. ಜೋರಾಗಿ ಅಲ್ಲ, ಮೂಗಿನಲ್ಲಿ. "ನಿಂಗ್ಯಾಕಮ್ಮ ಈ ಉಸಾಬರಿ?"

ಉಸಾಬರಿಯಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಕಣ್ಣಿನ ಆಪರೇಷನ್ ಮುಗಿಸಿಕೊಂಡು ಅವರು ನಮ್ಮ ಮನೆಗೆ ಬರುವಷ್ಟರಲ್ಲಿ ದಿಂಬು ಸೋಫಾದ ಮೇಲೆ ಕೂತಿರಬೇಕು, ಅವರ ಬಾಯಿಂದಲೇ "ಚೆಂದಾಗೈತೆ" ಅನ್ನಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಅವರು ಭಾನುವಾರ ಸಂಜೆ ಬರುವುದಿತ್ತು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದವಳೇ ಕಾರ್ಯಾರಂಭ ಮಾಡಿದೆ. ಚೌಕದ ಕೆಳಗೆ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿಟ್ಟು ಮಿಷನ್ನಿಗೆ ಕೊಟ್ಟೆ. ಟಕ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದೆ. ಅದೂ ಮುರಿಯಿತು. ಸೂಜಿ ಮಾಡುವವರ ಬೇಜವಾಬ್ದಾರಿಗೆ ನಾನು ಹೊಣೆಯೇ? ಹಾಳಾಗಿ ಹೋಗಲಿ, ಅತ್ತೆಯ ಹಾಗೆ ಕೈಯಲ್ಲೇ ಹೊಲಿದರಾಯಿತು ಎಂದುಕೊಂಡೆ. ಹಿಂಬದಿಗೆ ಗಟ್ಟಿ ಬಟ್ಟೆ ಬೇಕಿತ್ತು. ಬೀರುವಿನಲ್ಲಿ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರ ದನಿ ಕೇಳಿಸಿತು. "ಲೇ, ನನ್ನ ಬಿಳಿ ಪಂಚೆ ಎಲ್ಲೇ?"

"ಸದುದ್ದೇಶಕ್ಕೆ ಬಳಕೆಯಾಗಿದೆ ರೀ."

"ಎಲ್ಲಾನೂವಾ?"

"ನಡುವೆ ಒಂದು ಚೌಕ ಮಾತ್ರ."

ಒಂದು ಚೌಕ ಬಟ್ಟೆಗೆ ಅಷ್ಟು ಮುಖ ಊದಿಸಿಕೊಳ್ಳುವುದೇ? ಅವರಮ್ಮನ ದಿಂಬು ತಾನೇ!

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಮುಗಿಯಿತು. ಬೆರಳುಗಳು ಜರಡಿಯಾಗಿದ್ದವು. ಆದರೆ ಹೊಲಿಗೆ! ಅಂಚಿನಿಂದ ಸುತ್ತುಸುತ್ತಾಗಿ ಬಂದು, ಸರಿಯಾಗಿ ಮಾವನ ರುಮಾಲಿನ ನಡುವೆ ನಿಂತಿತ್ತು. ಹೆಮ್ಮೆ ತಡೆಯಲಾರದೆ ಶಬಾನಳಿಗೆ ತೋರಿಸಲು ಓಡಿದೆ.

ಶಬಾನ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಮಾಷಾ ಅಲ್ಲಾ! ಬಾಳ ಚಂದ ಹೊಲ್ದಿದ್ದೀರ ಮೇಡಂ. ಹತ್ತಿ ಎಲ್ಲಿ ತುಂಬ್ತೀರ?"

"ಎಲ್ಲಿ ಅಂದ್ರೆ? ಒಳಗೆ."

"ಒಳಗೇ ಇಲ್ವಲ್ಲ ಮೇಡಂ!"

ಕಿತ್ತುಕೊಂಡು ನೋಡಿದೆ. ನಿಜ. ಬೊಂತೆಯ ಪದ್ಧತಿಗೆ ಸರಿಯಾಗಿ ಮೇಲಿನ ಚೌಕ, ಸೀರೆಯ ಮಡಿಕೆ, ಕೆಳಗಿನ ಪಂಚೆ ಮೂರನ್ನೂ ಸೇರಿಸಿ, ಅಂಚಿನಿಂದ ನಡುವಿನವರೆಗೆ ಬೆರಳೆಡೆಗೊಂದು ಸುತ್ತು ಬಿಗಿದಿದ್ದೆ. ನಾನು ಹೊಲಿದದ್ದು ದಿಂಬನ್ನಲ್ಲ, ಒಂದು ಬೆಕ್ಕು ಹೊದ್ದುಕೊಳ್ಳುವಷ್ಟು ಬೊಂತೆಯನ್ನು! ಶಬಾನ ನಗು ತಡೆಯಲು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ನಿನ್ನೆ ಮಧ್ಯಾಹ್ನದಿಂದ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದ ನನ್ನನ್ನು ನೋಡಿದ್ದಳಲ್ಲ, ಆಗಲೇ ಒಂದು ಮಾತು ಹೇಳಬಾರದಿತ್ತೇ?

ಸಂಜೆಗೆ ಇನ್ನು ಏಳು ಗಂಟೆಯಷ್ಟೇ ಉಳಿದಿತ್ತು. ಬ್ಲೇಡು ಹಿಡಿದು ಅಂಚಿನಿಂದ ಹೊಲಿಗೆ ಬಿಚ್ಚುತ್ತಾ ಬಂದೆ. ಹೊರಗಿನ ಸುತ್ತುಗಳೆಲ್ಲ ಬಿಚ್ಚಿದವು. ನಡುವಿನ ರುಮಾಲಿಗೆ ಬಂದು ಮೊದಲ ದಾರ ಎಳೆದಾಗ ಬಟ್ಟೆ ಪರ್ ಎಂದಿತು. ಬ್ಲೇಡು ಕೆಳಗಿಟ್ಟೆ. ಅದು ಎಷ್ಟು ಬಿಸಿಲು ಕಂಡ ಬಟ್ಟೆಯೋ! ಇನ್ನೊಂದು ದಾರ ಎಳೆದರೆ ಮಾವನ ರುಮಾಲು ನನ್ನ ಕೈಯಲ್ಲೇ ಹರಿದುಹೋಗುತ್ತಿತ್ತು. ಅತ್ತೆ ಹೊಗಳದಿದ್ದರೂ ಬದುಕಬಹುದು. ಆದರೆ ಇದನ್ನು ಹರಿದು ಅವರಿಗೆ ಮುಖ ತೋರಿಸುವುದು ಹೇಗೆ? ನಡುವನ್ನು ಹೊಲಿದಂತೆಯೇ ಬಿಟ್ಟೆ. ಅಂಚಿನ ಮೂರು ಬದಿಯನ್ನು ಮತ್ತೆ ಹೊಲಿದು, ಉಳಿದ ಬದಿಯಿಂದ ಸುತ್ತಲೂ ಸಡಿಲವಾದ ಜಾಗಕ್ಕೆ ಹತ್ತಿ ತುರುಕುವುದೆಂದು ಮಾರ್ಪಾಡು ಮಾಡಿಕೊಂಡೆ.

ಹಳೇ ದಿಂಬನ್ನು ಕೊಯ್ದು ಬೂರುಗದ ಹತ್ತಿಯನ್ನು ನೆಲಕ್ಕೆ ಸುರಿದಿದ್ದೆ. ಅದೇ ಹೊತ್ತಿಗೆ ನಮ್ಮ ಯಜಮಾನರು ಬಂದು "ಎಂಥ ಸೆಕೆ" ಎನ್ನುತ್ತಾ ಫ್ಯಾನ್ ಹಾಕಿದರು.

ಇದರ ಬಗ್ಗೆ ಹೆಚ್ಚು ಹೇಳಲಾರೆ. ಹತ್ತಿ ದೇವರ ಫೋಟೋದ ಮೇಲಿತ್ತು, ಸಾಂಬಾರಿನಲ್ಲಿತ್ತು, ಅವರ ಮೀಸೆಯಲ್ಲಿತ್ತು. "ನಿಮಗೆ ಕಣ್ಣು ಕಾಣಲ್ವಾ?" ಎಂದು ಕಿರುಚಿದೆ. "ಹತ್ತಿ ಕಣ್ಣೊಳಗಿದ್ರೆ ಏನೂ ಕಾಣಲ್ಲ ಕಣೇ," ಎಂದು ಕಣ್ಣುಜ್ಜಿಕೊಂಡರು. ಸಿಕ್ಕಷ್ಟನ್ನು ಬಾಚಿ, ಸಾಲದ್ದಕ್ಕೆ ಪಂಚೆಯ ಉಳಿದ ಭಾಗವನ್ನೂ ಚೂರು ಮಾಡಿ ತುರುಕಿ ಬಾಯಿ ಹೊಲಿದೆ.

ಹೊಟ್ಟೆ ತುಂಬಿದ್ದೇ ತಡ ನಾಲ್ಕೂ ಮೂಲೆಗಳು ಒಳಗೆ ಸೆಳೆದುಕೊಂಡವು. ಸುತ್ತಲೂ ದಪ್ಪ, ನಡುವೆ ಗುಂಡಿ. ಚೌಕ ಹೋಗಿ ಪೂರ್ತಿ ದುಂಡಗಾಗಿತ್ತು! ಸೋಫಾದ ಮೇಲಿಟ್ಟರೆ ಒರಗಿದವರ ಬೆನ್ನಿಗೆ ಹೊಂದಲಿಲ್ಲ, ತಲೆಗಿಟ್ಟರೆ ತಲೆ ಗುಂಡಿಗಿಳಿಯಿತು.

ಅಷ್ಟರಲ್ಲಿ ಅತ್ತೆ ಬಂದರು. ಕಪ್ಪು ಕನ್ನಡಕ ತೆಗೆದು, ಗೋಡೆಯ ಕ್ಯಾಲೆಂಡರಿನ ಅತಿ ಸಣ್ಣ ಅಕ್ಷರವನ್ನು ದೂರದಿಂದಲೇ ಓದಿದರು. ಇಷ್ಟು ಚೆನ್ನಾಗಿ ಆಪರೇಷನ್ ಮಾಡುವ ಅಗತ್ಯ ಆ ಡಾಕ್ಟರಿಗೆ ಏನಿತ್ತು?

ಅವರು ನನ್ನ ಕೃತಿಯನ್ನು ಎತ್ತಿಕೊಂಡರು. ಅಂಚು ಸವರಿದರು. ನಡುವಿನ ಕೆಂಪಿನ ಮೇಲೆ ಬೆರಳಾಡಿಸಿದರು. ಆಮೇಲೆ ಅದನ್ನು ಎತ್ತಿ ತಮ್ಮ ತಲೆಯ ಮೇಲಿಟ್ಟುಕೊಂಡು, ಕತ್ತು ಆ ಕಡೆ ಈ ಕಡೆ ಆಡಿಸಿದರು. ಅದು ಅಲುಗಾಡಲಿಲ್ಲ.

"ಎಂಥಾ ಚೆಂದಾಗಿ ಸಿಂಬಿ ಮಾಡಿದ್ದೀಯ ಕಣಮ್ಮ! ಬಿಂದಿಗೆ ಮಡಗಿದ್ರೆ ಕೈ ಬುಟ್ಟು ನಡಿಬೌದು. ನಿಮ್ಮಾವನ ರುಮಾಲು ನನ್ ತಲೆ ಮ್ಯಾಲೇ ಇರ್ತದೆ. ನನ್ ತಲೆ ಅಳತೆ ನಿಂಗೆ ಹೆಂಗೆ ಗೊತ್ತಾಯ್ತು?"

ಇಪ್ಪತ್ತೆರಡು ವರ್ಷದ ಮೊದಲ ಹೊಗಳಿಕೆ! ಪಕ್ಕದಲ್ಲಿ ಯಜಮಾನರು ಬಾಯಿ ತೆರೆಯುವವರಿದ್ದರು. ಅವರ ಕಾಲನ್ನು ತುಳಿದೆ.

"ಅಂದಾಜು ಅತ್ತೆ," ಎಂದೆ.

ಅತ್ತೆ ಸಿಂಬಿಯನ್ನು ಊರಿಗೆ ಒಯ್ದರು. ಮೊನ್ನೆ ಫೋನ್ ಮಾಡಿದ್ದರು. ನೀರಿಗೆ ಬರುವ ಹೆಂಗಸರೆಲ್ಲ ನೋಡಿ ಮೆಚ್ಚಿಕೊಂಡರಂತೆ, ಇನ್ನೂ ನಾಲ್ಕು ಜನಕ್ಕೆ ಅಂಥದ್ದೇ ಬೇಕಂತೆ. ಈ ಶನಿವಾರ ಕೂತು ಒಂದನ್ನು ಹೊಲಿದೆ. ಅದು ನಾಲ್ಕು ಮೂಲೆಯ ಚೆಂದದ ದಿಂಬಾಗಿಬಿಟ್ಟಿದೆ!