ಸೋಮವಾರ ಮಾತ್ರ ಆರುವ ದೀಪ

ಕೆಲವು ಕಾಯಿಲೆಗಳಿಗೆ ವೈದ್ಯರನ್ನು ಕಂಡರೆ ನಾಚಿಕೆ. ಮೂರು ದಿನ ಹಿಂಡಿದ ಹಲ್ಲುನೋವು ವೈದ್ಯರ ಜಗಲಿ ಹತ್ತುತ್ತಲೇ ಮಾಯವಾಗಿ ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡುತ್ತದೆ. ನಂಜನಗೂಡಿನ ನಮ್ಮ ಮನೆಯ ವಿದ್ಯುತ್ ದೀಪಕ್ಕೂ ಅಂಥದೇ ಒಂದು ಕಾಯಿಲೆ ಅಂಟಿಕೊಂಡಿತ್ತು.

ನಮ್ಮ ಬೀದಿಯಲ್ಲಿ ಮೊದಲು ಆ ದೀಪ ಹಾಕಿಸಿದವನು ನಾನು. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟರು ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂರುವುದೇ ಎಂದು ಹಟ ಹಿಡಿದಿದ್ದೆ. ನೋಡಲು ಬಂದವರಿಗೆಲ್ಲ, "ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ನೂಲಿನ ಹೆಣಿಗೆ. ಒಳಗಿನದು ಹೊರಗೆ ಬರುವ ಮಾತೇ ಇಲ್ಲ" ಎಂದು ಕೋಲು ಹಿಡಿದು ಪಾಠ ಮಾಡುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು, ತಂತಿಯ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ.

ಹೆಂಡತಿ ಹೆರಿಗೆಗೆ ತವರಿಗೆ ಹೋದಾಗ ಅಮ್ಮ ನರಸೀಪುರದ ನನ್ನ ತಮ್ಮನ ಮನೆಯಿಂದ ಬಂದಳು. ಆಗಲೇ ಶುರುವಾಯಿತು ನೋಡಿ. ಪ್ರತಿ ಸೋಮವಾರ ಸಂಜೆ ಗುಂಡಿ ಒತ್ತಿದರೆ ಟಪ್ಪೆಂದು ಫ್ಯೂಸು ಸುಟ್ಟು ಮನೆಯೆಲ್ಲ ಕತ್ತಲು. ಮಂಗಳವಾರ ಹೊಸ ಫ್ಯೂಸು ಹಾಕಿದರೆ ಭಾನುವಾರದವರೆಗೂ ದೀಪ ಚೆನ್ನಾಗಿ ಉರಿಯುತ್ತಿತ್ತು.

"ಶಿವನ ವಾರವೇ ಆರೋ ದೀಪ ಮನೇಲಿರಬಾರದು ಕಣೋ. ಇನ್ನೊಂದು ಸೋಮವಾರ ಕತ್ತಲಾದರೆ ನಾನು ನರಸೀಪುರಕ್ಕೆ ಹೊರಟೆ" ಎಂದಳು ಅಮ್ಮ, ಮೂರನೆಯ ಸೋಮವಾರವೂ ಕತ್ತಲಾದಾಗ. ದೀಪ ಹೋದರೆ ಹೋಗಲಿ, ಅಮ್ಮ ಹೋಗುವುದು ನನಗೆ ನಿಜಕ್ಕೂ ಬೇಡವಾಗಿತ್ತು. ಎಷ್ಟೋ ವರ್ಷದ ಮೇಲೆ ಅವಳ ಕೈಯ ಹುರುಳಿ ಬಸ್ಸಾರು ಉಣ್ಣುತ್ತಿದ್ದೆ, ಉಣ್ಣುತ್ತಾ ಬೈಸಿಕೊಳ್ಳುತ್ತಿದ್ದೆ. ಎರಡೂ ರುಚಿಸುತ್ತಿದ್ದವು.

ವೈರ್‌ಮನ್ ಚೆನ್ನ ತಾಂಡವಪುರದಿಂದ ಸೈಕಲ್ಲಿನಲ್ಲಿ ಬರುವಷ್ಟರಲ್ಲಿ ಗುರುವಾರವಾಗಿರುತ್ತಿತ್ತು. ಅವನಲ್ಲಿ ಹಿಡಿ ತಿರುಗಿಸುವ ಒಂದು ಪೆಟ್ಟಿಗೆ. ತಂತಿಯ ಹೊದಿಕೆ ಎಲ್ಲಾದರೂ ಸೋರಿದರೆ ಅದರ ಮುಳ್ಳು ಕೆಳಗೆ ಬೀಳಬೇಕು. ಮೂರು ಗುರುವಾರ ತಿರುಗಿಸಿದ. ಮುಳ್ಳು ಅಲುಗಲಿಲ್ಲ.

"ವೈರು ಗಟ್ಟಿಮುಟ್ಟಾಗೈತೆ ಸಾ. ಮನೇಲೇ ಏನಾರ ಗಾಳಿಗೀಳಿ ಐತೇನೋ!"

"ಜ್ವರ ಬಿಟ್ಟ ಮೇಲೆ ಮೈ ಮುಟ್ಟಿ ನೋಡಿದರೆ ಏನು ಬಂತಪ್ಪಾ? ಸೋಮವಾರ ಬಾ" ಎಂದಳು ಅಮ್ಮ. ವಿಜ್ಞಾನದ ಮೇಷ್ಟರಿಗೆ ಇದು ಹೊಳೆದಿರಲಿಲ್ಲ.

ಸೋಮವಾರ ಸಂಜೆ ಚೆನ್ನ ಹಿಡಿ ತಿರುಗಿಸಿದ್ದೇ ತಡ, "ಬಿತ್ತು ಸಾ ಮುಳ್ಳು!" ಎಂದು ಕೂಗಿದ. ಪಡಸಾಲೆಯ ತಂತಿ ಬಿಚ್ಚಿ ತಿರುಗಿಸಿದ, ಮುಳ್ಳು ಏಳಲಿಲ್ಲ. ಅಡಿಗೆಮನೆಯದು ಬಿಚ್ಚಿದ, ಆಗಲೂ ಇಲ್ಲ. ಬಚ್ಚಲಿನ ಓಣಿಯದು ಬಿಚ್ಚಿದಾಗ ಸರ್ರನೆ ಮೇಲೆದ್ದಿತು. ಲಾಂದ್ರ ಹಿಡಿದು ಮೂವರೂ ಓಣಿಗೆ ಹೋದೆವು. ಮೇಲೆ, ಎರಡು ತಂತಿಗಳಿಗೂ ಅಡ್ಡಲಾಗಿ ಒಂದು ಒದ್ದೆ ಬಟ್ಟೆ.

"ಬಚ್ಚಲ ಹೊಗೆಗೆ ರಬ್ಬರು ಸೀಳೈತೆ ಸಾ. ಮೇಲಿನ ನೂಲು ನೀರು ಕುಡ್ಕೊಂಡು ಎರಡ್ನೂ ಕೂಡಿಸ್ಬುಟ್ಟೈತೆ. ಬಟ್ಟೆ ಒಣಗುದ್ರೆ ಎಲ್ಲಾ ಸರಿಯಾಯ್ತದೆ."

"ಅಮ್ಮಾ, ಮಡಿಸೀರೇನ ಇಲ್ಲಿ ಹರವ್ತಾರೇನಮ್ಮಾ!" ಎಂದು ನಾನು ಗುಡುಗಿದೆ.

ಅಮ್ಮ ಲಾಂದ್ರವನ್ನು ಇನ್ನಷ್ಟು ಎತ್ತಿದಳು. "ಸೀರೆಯಲ್ಲ ಕಣೋ. ನಿನ್ನ ಪಂಚೆ."

ನನ್ನದೇ. ಪೂಜೆಯ ಮಡಿಪಂಚೆಯನ್ನು ನಾವೇ ಹಿಂಡಿ, ಯಾರೂ ಮುಟ್ಟದ ಕಡೆ ಹರವಬೇಕಲ್ಲ. ಮನೆಗೆ ಬರುವವರೆಲ್ಲ ಮುಟ್ಟಲು ಹೆದರುವ ವಸ್ತುವೆಂದರೆ ಆ ತಂತಿಯೊಂದೇ. ಅಮ್ಮ ಬಂದಾಗಿನಿಂದ ಸೋಮವಾರ ಮುಂಜಾನೆ ಪೂಜೆ ಮುಗಿಸಿ, ಒಗೆದ ಪಂಚೆಯನ್ನು ಕೋಲಿನಿಂದ ಅದರ ಮೇಲೇರಿಸುತ್ತಿದ್ದೆ. ಬಿಸಿಲು ಕಾಣದ ಓಣಿಯಲ್ಲಿ ಅದು ಸಂಜೆಯಾದರೂ ಆರುತ್ತಿರಲಿಲ್ಲ. ಪಂಚೆಗೂ ದೀಪಕ್ಕೂ ಸಂಬಂಧವಿರಬಹುದೆಂದು, ನನ್ನ ಪಾಠವನ್ನು ನಾನೇ ನಂಬಿಕೊಂಡಿದ್ದ ನನಗೆ ತೋಚಲೇ ಇಲ್ಲ.

ಚೆನ್ನ ನಕ್ಕ. ಅಮ್ಮ ನಗಲಿಲ್ಲ, ಏನೋ ಲೆಕ್ಕ ಹಾಕುತ್ತಿದ್ದಳು. ದಿನವೂ ನಸುಕಿನಲ್ಲಿ ಅವಳು ಹೊಳೆಗೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ನಾನು ಹಣೆತುಂಬ ವಿಭೂತಿ ಬಳಿದುಕೊಂಡು, "ಪೂಜೆ ಆಯಿತಮ್ಮ" ಎನ್ನುತ್ತಿದ್ದೆ.

"ದಿನಾ ಮಡಿಯುಟ್ಟು ಪೂಜೆ ಮಾಡ್ತೀನಿ ಅಂತೀಯಲ್ಲ, ಹಾಗಾದರೆ ಉಳಿದ ಆರು ದಿನ ಈ ದೀಪ ಉರೀತಿದ್ದದ್ದು ಹೇಗೋ?" ಎಂದು ಕೇಳಿದಳು.

ಅಮ್ಮ ನರಸೀಪುರಕ್ಕೆ ಹೋಗಲಿಲ್ಲ. ಇಲ್ಲೇ ತನಗೆ ಕೆಲಸವಿದೆ ಎಂದಳು. ಹಿತ್ತಲಲ್ಲಿ ನನ್ನ ಪಂಚೆಗೆಂದೇ ಒಂದು ಗಳ ಕಟ್ಟಿಸಿದಳು. ಅಂದಿನಿಂದ ದೀಪ ವಾರದ ಏಳು ದಿನವೂ ಉರಿಯಿತು. ನಾನೂ ಏಳು ದಿನವೂ ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ನಡುಗಿದೆ. ಹೊಳೆಯಿಂದ ಬಂದ ಅಮ್ಮ ಪಂಚೆಯನ್ನು ಮುಟ್ಟುತ್ತಿರಲಿಲ್ಲ. ಅದರ ಕೆಳಗೆ ನಿಂತು, ನೀರು ತೊಟ್ಟಿಕ್ಕುತ್ತಿದೆಯೇ ಎಂದು ಅಂಗೈ ಒಡ್ಡಿ ನೋಡುತ್ತಿದ್ದಳು.